ರುಜು ಆದ ಮೇಲೆ



ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಬೆಳುಂಕಿಯ ಒಬ್ಬ ಹುಡುಗನಿಗೆ ಕುಪವಾಡದ ಕಾರಖಾನೆಯಿಂದ ಕಾಗದ ಬಂತು ಎಂದು ಇಟ್ಟುಕೊಳ್ಳಿ. ಕಾಗದ ಮರಾಠಿಯಲ್ಲಿದೆ. ಒಂದನೆಯ ತಾರೀಖಿಗೆ 'ಕಾಮಾವರ ರುಜೂ ವ್ಹಾವೇ' ಎಂದು ಬರೆದಿದೆ. ನಮ್ಮ ಹುಡುಗನಿಗೆ ರುಜು ಅಂದರೆ ಸಹಿ. ಸಹಿ ಮಾಡಿ ಸಂಜೆ ಬಸ್ಸಿಗೆ ಮರಳಿ ಬರೋಣ ಎಂದುಕೊಂಡು ಮೈಮೇಲಿನ ಬಟ್ಟೆಯಲ್ಲೇ ಹೊರಡುತ್ತಾನೆ. ಅಲ್ಲಿ ಹೋದರೆ ನೇರವಾಗಿ ಮಶೀನಿನ ಮುಂದೆ ನಿಲ್ಲಿಸುತ್ತಾರೆ. ಮರಾಠಿಯಲ್ಲಿ ರುಜೂ ಆಗುವುದೆಂದರೆ ಕೆಲಸಕ್ಕೆ ಹಾಜರಾಗುವುದು. ಸಹಿಗೆ ಅವರು 'ಸಹೀ' ಎಂದೇ ಅನ್ನುತ್ತಾರೆ.

ನಗು ಬರುವ ಮಾತು, ನಿಜ. ಆದರೆ ಹೊಸ ಕೆಲಸಕ್ಕೆ ಸೇರಿದ ಹದಿನೈದು ದಿನಕ್ಕೆ ಚೀಲ ಹೆಗಲಿಗೆ ಹಾಕಿಕೊಂಡು ಊರಿಗೆ ಮರಳಿದ ಹುಡುಗರನ್ನು ನೀವೂ ನೋಡಿದ್ದೀರಿ. ಕೇಳಿದರೆ 'ಕೆಲಸ ಹಿಡಿಸಲಿಲ್ಲ' ಅನ್ನುತ್ತಾರೆ. ಜೋಳದ ರಾಶಿ ಮಾಡಿದ ಮೈ, ಕಬ್ಬು ಕಡಿಯಲು ಹೋಗಿ ಬಂದ ಮೈ, ಎಂಟು ತಾಸಿನ ಪಾಳಿಗೆ ಹೆದರುತ್ತದೆಯೆ? ಬಹಳ ಸಲ ಸೋತಿರುವುದು ಕೆಲಸಕ್ಕಲ್ಲ, ಅರೆಬರೆ ತಿಳಿದ ಮಾತಿಗೆ 'ಹೂಂ' ಅಂದದ್ದಕ್ಕೆ.

ಗಡಿಯಲ್ಲಿ ಇರುವ ನಮಗೆ ಇದು ವಿಶೇಷವಾದ ಅಪಾಯ. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಹುಡುಗನಿಗೆ ಮರಾಠಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಮುಕಾದಮ ಕೈಸನ್ನೆ ಮಾಡಿ, ಎರಡೆರಡು ಸಲ ಹೇಳಿ ತೋರಿಸುತ್ತಾನೆ. ನಮ್ಮವರು ಸಂತೆಯ ಮರಾಠಿ ಚೆನ್ನಾಗಿ ಆಡುತ್ತಾರೆ. ಬಸ್ಸಿನಲ್ಲಿ, ತಹಸೀಲ ಕಚೇರಿಯಲ್ಲಿ, ದವಾಖಾನೆಯಲ್ಲಿ ಮರಾಠಿ ನಡೆಯುತ್ತದೆ. ಹಾಗಾಗಿ ಎಲ್ಲ ತಿಳಿಯುತ್ತದೆ ಎಂದು ಮುಕಾದಮನೂ ನಂಬುತ್ತಾನೆ, ನೀವೂ ನಂಬುತ್ತೀರಿ. ಸಂತೆಯ ಮರಾಠಿ ಬೇರೆ, ಕೆಲಸದ ಮರಾಠಿ ಬೇರೆ. ಅದರಲ್ಲೂ ಎರಡು ಭಾಷೆಯಲ್ಲಿ ಒಂದೇ ರೂಪ, ಬೇರೆ ಬೇರೆ ಅರ್ಥ ಇರುವ ಶಬ್ದಗಳಿವೆಯಲ್ಲ, ಅವು ಬಹಳ ಮೋಸಗಾರ. ಗೊತ್ತಿಲ್ಲದ ಶಬ್ದವಾದರೆ ಕೇಳಬೇಕು ಅನ್ನಿಸುತ್ತದೆ. ಗೊತ್ತಿದೆ ಅನ್ನಿಸುವ ಶಬ್ದವನ್ನು ಯಾರೂ ಕೇಳುವುದಿಲ್ಲ.

ಮೊದಲು ಮಶೀನಿನ ಹತ್ತಿರದ ಮಾತು ತೆಗೆದುಕೊಳ್ಳಿ. 'ಖಾಲೀ ಠೇವ' ಅಂದರೆ ಕೆಳಗೆ ಇಡು ಎಂದರ್ಥ. ಕನ್ನಡ ಕಿವಿಗೆ ಖಾಲಿ ಅಂದರೆ ಬರಿದು. ಡಬ್ಬಿಯನ್ನು ಕೆಳಗಿಡು ಎಂದು ಅವರು ಹೇಳಿದರೆ, ಡಬ್ಬಿಯನ್ನು ಬರಿದು ಮಾಡಿಡು ಎಂದು ನಮಗೆ ಕೇಳುತ್ತದೆ. ಎಣ್ಣೆ ತುಂಬಿದ ಡಬ್ಬಿಯಾಗಿದ್ದರೆ ಏನಾದೀತು, ನೀವೇ ಯೋಚಿಸಿ. ಬರಿದು ಎನ್ನಲು ಮರಾಠಿಯಲ್ಲಿ 'ರಿಕಾಮಾ' ಇದೆ. ಇನ್ನು 'ಖಾಲೀ ಬಘ' ಎಂದು ಯಾರಾದರೂ ಕೂಗಿದರೆ ಕಾಲ ಬುಡ ನೋಡಬೇಕು, ತಡಮಾಡಬಾರದು.

ದಿನಗಳ ಲೆಕ್ಕ ಇನ್ನೊಂದು ತೊಡಕು. ನಮಗೆ ಮೊನ್ನೆ ಬೇರೆ, ನಾಡಿದ್ದು ಬೇರೆ. ಮರಾಠಿಯಲ್ಲಿ ಎರಡಕ್ಕೂ 'ಪರವಾ'. ಹಿಂದಿನದೋ ಮುಂದಿನದೋ ಎಂಬುದು ಕ್ರಿಯಾಪದದಿಂದ ತಿಳಿಯಬೇಕು. ಗದ್ದಲದಲ್ಲಿ ಕ್ರಿಯಾಪದ ಕೇಳಿಸದೇ ಹೋದರೆ ಪಾಳಿ ತಪ್ಪಿತು. ವೇಳೆಯಲ್ಲಿ 'ಪಾವಣೆಸಾತ' ಅಂದರೆ ಆರೂ ಮುಕ್ಕಾಲು, 'ಸವ್ವಾಸಾತ' ಅಂದರೆ ಏಳೂ ಕಾಲು. ಹಿರಿಯರಿಗೆ ಇದು ಬಾಯಿಪಾಠ. ಮೊಬೈಲಿನಲ್ಲಿ ಅಂಕಿ ನೋಡಿಯೇ ಬೆಳೆದ ಹುಡುಗರಿಗೆ ಅಷ್ಟು ಸಲೀಸಲ್ಲ. ಎಣಿಕೆಯಲ್ಲಿ 'ಎಕೋಣತೀಸ' ಎಂದರೆ ಮೂವತ್ತಕ್ಕೆ ಒಂದು ಕಡಿಮೆ, ಅಂದರೆ 29. 'ಎಕತೀಸ' 31. 'ಬಾವೀಸ' 22, 'ಬಾವನ್ನ' 52, 'ಬಾಸಷ್ಟ' 62. ಅಳತೆಯ ಕೆಲಸವಾದರೆ, ಗೋಡಾವನದಲ್ಲಿ ಮಾಲು ಎಣಿಸುವ ಕೆಲಸವಾದರೆ, ಕೇಳಿದ ಸಂಖ್ಯೆಯನ್ನು ಬರೆದು ತೋರಿಸಿ. ಬಾಯಿಂದ ಕಿವಿಗೆ ಹೋದ ಅಂಕಿಯನ್ನು ಮೊದಲ ತಿಂಗಳು ನಂಬಲೇಬೇಡಿ.

ಆಫೀಸಿನ ಮಾತಿನಲ್ಲಿ ಪೆಟ್ಟು ಮೈಗೆ ಬೀಳುವುದಿಲ್ಲ, ಮನಸ್ಸಿಗೆ ಬೀಳುತ್ತದೆ. 'ನನ್ನನ್ನು ಕಾಯಂ ಯಾವಾಗ ಮಾಡುತ್ತೀರಿ?' ಎಂದು ಕೇಳುತ್ತೀರಿ. ಸಾಹೇಬರು 'ತ್ಯಾಲಾ ಅಜೂನ ಅವಕಾಶ ಆಹೇ' ಅನ್ನುತ್ತಾರೆ. ಓಹೋ, ಇನ್ನೂ ಅವಕಾಶ ಇದೆಯಂತೆ ಎಂದು ಹಿಗ್ಗಿ ಊರಿಗೆ ಫೋನು ಮಾಡುತ್ತೀರಿ. ಅವರು ಹೇಳಿದ್ದು ಅದಕ್ಕಿನ್ನೂ ವೇಳೆ ಇದೆ, ಈಗಲೇ ಅಲ್ಲ ಎಂದು. ನಾವು ಅವಕಾಶ ಎನ್ನುವುದಕ್ಕೆ ಮರಾಠಿಯಲ್ಲಿ 'ಸಂಧೀ'. ಅದು ನಮಗೆ ವ್ಯಾಕರಣದ ಪಾಠವನ್ನೋ ಎರಡು ಮನೆಗಳ ನಡುವಿನ ಇಕ್ಕಟ್ಟನ್ನೋ ನೆನಪಿಸುತ್ತದೆ. ಮತ್ತೆ ನೀವು ಏನು ಹೇಳಿದರೂ ಅವರು 'ಬರಂ, ಬರಂ' ಅನ್ನುತ್ತಾರೆ. ಆಯಿತು, ಒಳ್ಳೆಯದು ಎಂದು ಅದರ ಅರ್ಥ. ಜತ್ತ ತಾಲೂಕಿನವರಿಗೆ ಆ ಶಬ್ದ ಕಿವಿಗೆ ಬಿದ್ದರೆ ನೆನಪಾಗುವುದೇ ಬೇರೆ.

ಹಾಗಾದರೆ ಏನು ಮಾಡಬೇಕು? ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ವಹಿ ಇಟ್ಟುಕೊಳ್ಳಿ. ಹೊಸ ಶಬ್ದ ಬಂದಾಗ ಕನ್ನಡ ಲಿಪಿಯಲ್ಲೇ ಬರೆಯಿರಿ, ಎದುರಿಗೆ ಕೆಲಸದಲ್ಲಿ ಅದರ ಅರ್ಥ ಏನು ಎಂದು ಬರೆಯಿರಿ. ಅದಕ್ಕಿಂತ ಮುಖ್ಯವಾದದ್ದು ಹೇಳಿದ್ದನ್ನು ತಿರುಗಿ ಹೇಳುವುದು. 'ಸಮಜಲಂ ಕಾ?' ಎಂದು ಕೇಳಿದರೆ 'ಹೋ' ಎಂದು ತಲೆ ಆಡಿಸಬೇಡಿ. 'ಅಂದರೆ ಈ ಪೆಟ್ಟಿಗೆ ಆ ಕಡೆ ಇಡಬೇಕು, ಆಮೇಲೆ ಗುಂಡಿ ಒತ್ತಬೇಕು, ಹೌದಲ್ಲ?' ಎಂದು ನಿಮ್ಮ ಮಾತಿನಲ್ಲಿ ಹೇಳಿ ತೋರಿಸಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ವಿಮಾನ ಹಾರಿಸುವವರು ನೆಲದಿಂದ ಬಂದ ಸೂಚನೆಯನ್ನು ಹೀಗೆಯೇ ತಿರುಗಿ ಹೇಳಲೇಬೇಕು, ಅದು ಅವರ ನಿಯಮ. ಅವರಿಗಿಲ್ಲದ ನಾಚಿಕೆ ನಮಗೇಕೆ?

ಕೇಳುವುದಕ್ಕೂ ಕಾಲ ಇದೆ. ಮೊದಲ ವಾರ ನೂರು ಸಲ ಕೇಳಿದರೂ ಯಾರೂ ಬೇಸರ ಮಾಡುವುದಿಲ್ಲ, ಹೊಸಬ ಅನ್ನುತ್ತಾರೆ. ಮೂರು ತಿಂಗಳು ಕಳೆದ ಮೇಲೆ ಅದೇ ಪ್ರಶ್ನೆ ಕೇಳಲು ನಿಮಗೇ ಸಂಕೋಚ. ಸಂಕೋಚವಾದ ಮೇಲೆ ಮನುಷ್ಯ ಊಹೆ ಮಾಡತೊಡಗುತ್ತಾನೆ, ಊಹೆಯ ಮೇಲೆ ಮಶೀನು ನಡೆಸುತ್ತಾನೆ. ಎಲ್ಲ ಪ್ರಶ್ನೆಯನ್ನೂ ಸಾಹೇಬರ ಹತ್ತಿರ ಒಯ್ಯಬೇಕಿಲ್ಲ. ಪಕ್ಕದ ಮಶೀನಿನಲ್ಲಿ ಹತ್ತು ವರ್ಷ ಕಳೆದವರೊಬ್ಬರು ಇದ್ದೇ ಇರುತ್ತಾರೆ. ಚಹಾದ ವೇಳೆ ಅವರ ಹತ್ತಿರ ಕೂಡಿರಿ. ಯಾವ ಮಶೀನು ಯಾವಾಗ ಹಟ ಮಾಡುತ್ತದೆ, ರಜೆಯನ್ನು ಯಾರ ಹತ್ತಿರ ಕೇಳಬೇಕು ಎಂಬುದು ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಕನ್ನಡ ಮಾತಾಡಬಹುದೆ ಎಂದು ಕೆಲವರು ಕೇಳುತ್ತಾರೆ. ಏಕೆ ಮಾತಾಡಬಾರದು? ಮಿರಜ ಕನ್ನಡಕ್ಕೆ ಹೊಸ ಊರಲ್ಲ. ನಮ್ಮ ಅಜ್ಜಂದಿರು ಔಷಧಕ್ಕೆಂದು ಅಲ್ಲಿಯ ವಾನ್ಲೆಸ್ ಆಸ್ಪತ್ರೆಗೆ ಹೋದವರು. ಅಲ್ಲೇ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ರಾಮಚಂದ್ರ ಕುಂದಗೋಳಕರ ಮರಾಠಿ ನಾಟಕಗಳಲ್ಲಿ ಹಾಡಿ, ಪಾತ್ರ ಮಾಡಿ ಹೆಸರು ಗಳಿಸಿದರು. ಸವಾಯಿ ಗಂಧರ್ವ ಎಂದರೆ ಅವರೇ. ಕನ್ನಡ ನೆಲದ ಕಲಾವಿದ ಮರಾಠಿ ರಂಗದಲ್ಲಿ ನಿಂತದ್ದು ನೋಡಿದರೆ, ಭಾಷೆ ಬೇರೆ ಎಂದ ಮಾತ್ರಕ್ಕೆ ಕೆಲಸ ದೂರವಾಗುವುದಿಲ್ಲ ಎಂದು ಗೊತ್ತಾಗುತ್ತದೆ. ಅವರ ತೂಪ ನಮ್ಮ ತುಪ್ಪವೇ, ಅವರ ಅಕ್ಕಾ ಅಣ್ಣಾ ನಮ್ಮವರೇ. ಒಂದು ಎಚ್ಚರ ಮಾತ್ರ ಬೇಕು. ನಾಲ್ವರು ನಿಂತಿರುವಾಗ ಇಬ್ಬರೇ ಕನ್ನಡದಲ್ಲಿ ಮಾತಾಡಿ ನಕ್ಕರೆ ಉಳಿದಿಬ್ಬರು ತಮ್ಮನ್ನೇ ಆಡಿಕೊಂಡರು ಎಂದು ತಿಳಿಯುತ್ತಾರೆ. ವಿಜಯಪುರದ ಕಾರಖಾನೆಯಲ್ಲಿ ಮರಾಠಿ ಹುಡುಗರು ಹಾಗೆ ಮಾಡಿದರೆ ನಿಮಗೂ ಹಾಗೆಯೇ ಅನ್ನಿಸೀತು.

ಈಗ ಕಾಗದದ ಮಾತಿಗೆ ಬರೋಣ. ಕೆಲಸ ಕಲಿಯುವ ಗಡಿಬಿಡಿಯಲ್ಲಿ ಎಲ್ಲರೂ ಇದನ್ನು ಆಮೇಲೆ ನೋಡೋಣ ಎಂದು ಬಿಡುತ್ತಾರೆ. ಆಮೇಲೆ ಎಂಬುದು ಹತ್ತು ವರ್ಷದ ನಂತರ ಬರುತ್ತದೆ, ಹಣ ತೆಗೆಯಲು ಹೋದಾಗ.

ಗಡಿಯವರಿಗೆ ಹೆಸರೇ ಒಂದು ತೊಡಕು. ಕನ್ನಡ ಶಾಲೆಯ ಹಜೇರಿಯಲ್ಲಿ ಮಲ್ಲಪ್ಪ, ಮರಾಠಿ ಕಾಗದದಲ್ಲಿ ಮಲ್ಲಾಪ್ಪಾ, ಇಂಗ್ಲಿಷಿನಲ್ಲಿ ಒಂದು ಕಡೆ ಒಂದೇ ಪಿ, ಇನ್ನೊಂದು ಕಡೆ ಎರಡು ಪಿ. ಮಹಾರಾಷ್ಟ್ರದ ಫಾರ್ಮಿನಲ್ಲಿ ಮೊದಲು 'ಆಡನಾವ', ಆಮೇಲೆ ತನ್ನ ಹೆಸರು, ಆಮೇಲೆ ತಂದೆಯ ಹೆಸರು. ಕರ್ನಾಟಕದಲ್ಲಿ ಓದಿ ಬಂದವರಿದ್ದರೆ ತಂದೆಯ ಹೆಸರು ಒಂದೇ ಅಕ್ಷರವಾಗಿ ಮುಂದೆ ನಿಂತಿರುತ್ತದೆ, ಅಡ್ಡಹೆಸರು ಇರುವುದೇ ಇಲ್ಲ. ಜನ್ಮದಿನ ಕೇಳಿದರೆ ಊರಿನ ಅರ್ಧ ಮಂದಿ ಜೂನ್ ಒಂದನೆಯ ತಾರೀಖಿಗೆ ಹುಟ್ಟಿದವರು, ಗುರುಗಳ ಕೃಪೆ! ಅದೂ ಆಧಾರದಲ್ಲಿ ಬೇರೆ, ಶಾಲೆಯ ದಾಖಲೆಯಲ್ಲಿ ಬೇರೆ ಇದ್ದರೆ ಮುಗಿಯಿತು.

ಭವಿಷ್ಯನಿಧಿಗೆ, ಅಂದರೆ ಪಿಎಫ್‌ಗೆ, ನಿಮ್ಮ ಹೆಸರು ಸೇರಿದಾಗ ಹನ್ನೆರಡು ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಅದಕ್ಕೆ ಯುಎಎನ್ ಎನ್ನುತ್ತಾರೆ. 2014ರಲ್ಲಿ ಈ ಪದ್ಧತಿ ಬಂತು. ಎಷ್ಟು ಕಾರಖಾನೆ ಬದಲಿಸಿದರೂ ಸಂಖ್ಯೆ ಅದೇ. ಅದನ್ನು ಆಧಾರಕ್ಕೆ ಜೋಡಿಸಬೇಕು. ಅಲ್ಲಿಯ ಹೆಸರು, ಜನ್ಮದಿನ ಆಧಾರದೊಡನೆ ಅಕ್ಷರಕ್ಕೆ ಅಕ್ಷರ ಕೂಡದಿದ್ದರೆ ನಿಮ್ಮದೇ ಹಣ ನಿಮಗೆ ಸಿಗದೆ ಅಡ್ಡಾಡಿಸುತ್ತದೆ. ಆದ್ದರಿಂದ ಕೆಲಸಕ್ಕೆ ಹೋಗುವ ಮೊದಲೇ ಆಧಾರ, ಬ್ಯಾಂಕಿನ ಪಾಸಬುಕ್ಕು, ಶಾಲೆ ಬಿಟ್ಟ ದಾಖಲೆ ಮೂರನ್ನೂ ಒಂದೇ ಚಾಪೆಯ ಮೇಲೆ ಹರಡಿ ಕೂಡಿಸಿ ನೋಡಿ. ಫಾರ್ಮನ್ನು ಗುಮಾಸ್ತರ ಕೈಗೆ ಬಿಟ್ಟು 'ನೀವೇ ಬರಕೋರಿ' ಅನ್ನಬೇಡಿ. ಅವರು ಕೇಳಿದಂತೆ ಬರೆಯುತ್ತಾರೆ. ಹಿಂದೆ ಒಳಗೆ ಹೋದ ತಪ್ಪನ್ನು ತಿದ್ದಲು ಮಾಲೀಕರ ಸಹಿಯೂ ಸೇರಿದ ಜಂಟಿ ಅರ್ಜಿ ಬೇಕಾಗುತ್ತಿತ್ತು. ಈಗ ಕೆಲವು ತಿದ್ದುಪಡಿ ಆನ್‌ಲೈನಿನಲ್ಲಿ ಆಗುತ್ತದೆ, ಎಲ್ಲವೂ ಅಲ್ಲ. ಹಾಗೆಯೇ ವಾರಸುದಾರರ ಹೆಸರು ಬರೆಸಿ. ಮದುವೆಯಾದ ಮೇಲೆ ಅದನ್ನು ಹೊಸದಾಗಿ ಬರೆಸಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ಮರೆತು ಸೊಸೆ, ಅತ್ತೆ ಇಬ್ಬರೂ ಕಚೇರಿಯ ಮೆಟ್ಟಿಲು ಹತ್ತಿದ್ದಾರೆ.

ನೇಮಕದ ಕಾಗದ ಕೇಳಿ ಪಡೆಯಿರಿ. ಮರಾಠಿಯಲ್ಲಿ ಅದಕ್ಕೆ 'ನೇಮಣೂಕ ಪತ್ರ' ಅಥವಾ 'ನಿಯುಕ್ತೀ ಪತ್ರ'. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸಗಾರರಿಗೆ ಅದನ್ನು ಕೊಡಲೇಬೇಕು. ಅದರಲ್ಲಿ ಮಾಲೀಕರ ಹೆಸರು ಯಾರದು ಎಂದು ನೋಡಿ. ಗೇಟಿನ ಮೇಲೆ ಒಂದು ಹೆಸರು, ಕಾಗದದ ಮೇಲೆ 'ಕಂತ್ರಾಟದಾರ'ನ ಹೆಸರು ಇರುವುದು ಈಗ ಸಾಮಾನ್ಯ. ತಪ್ಪೇನಲ್ಲ, ಆದರೆ ನಿಮ್ಮ ಪಗಾರ, ಪಿಎಫ್ ಯಾರ ಹತ್ತಿರ ಕೇಳಬೇಕು ಎಂದು ಮೊದಲ ದಿನವೇ ತಿಳಿದಿರಲಿ. ಸರಕಾರಿ ನೌಕರಿಯಾದರೆ ಇನ್ನೊಂದು ಸಣ್ಣ ಮಾತು. ರುಜೂ ಆದ ವರದಿಯಲ್ಲಿ ಮಧ್ಯಾಹ್ನದ ಮೊದಲೋ ನಂತರವೋ ಎಂದು ಬರೆಯುತ್ತಾರೆ. ನಂತರ ಹಾಜರಾದರೆ ಪಗಾರ ಮರುದಿನದಿಂದ ಎಣಿಕೆ. ಬೆಳಗಿನ ಬಸ್ಸು ಹಿಡಿಯಿರಿ.

ಕಾರ್ಮಿಕ ವಿಮೆ, ಅಂದರೆ ಇಎಸ್‌ಐ, ನಿಮಗೆ ಲಾಗೂ ಇದೆಯೆ ಎಂದು ಕೇಳಿ. ಪಗಾರದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿ ಎಂದು ಗೊತ್ತುಮಾಡಿದ್ದರು. ಕಾಯಿಲೆಯ ರಜೆಯ ಹಣಕ್ಕೆ ಕೆಲವು ತಿಂಗಳ ವಂತಿಗೆ ತುಂಬಿರಬೇಕು. ಆದರೆ ಕೆಲಸದಲ್ಲಿ ಪೆಟ್ಟಾದರೆ ಮೊದಲ ದಿನದಿಂದಲೇ ಪರಿಹಾರದ ಹಕ್ಕು ಇದೆ, ಒಂದು ರೂಪಾಯಿ ವಂತಿಗೆ ಹೋಗಿರದಿದ್ದರೂ ಇದೆ. ಮನೆಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯ ಅಪಘಾತವೂ 2010ರ ತಿದ್ದುಪಡಿಯಿಂದ ಇದರಲ್ಲಿ ಸೇರಿತು. ಜತ್ತದಿಂದ ಮೋಟಾರಸೈಕಲ್ಲಿನ ಮೇಲೆ ಪಾಳಿಗೆ ಹೋಗುವವರು ಇದನ್ನು ಕಿವಿಗೊಟ್ಟು ಕೇಳಬೇಕು. ಪೆಟ್ಟಾದಾಗ 'ಹೊಸಬ ನೀನು, ಸುಮ್ಮನಿರು, ಖಾಸಗಿ ದವಾಖಾನೆಗೆ ಹೋಗೋಣ' ಎಂದು ಯಾರಾದರೂ ಸಮಾಧಾನ ಹೇಳಿದರೆ ಔಷಧ ಮಾಡಿಸಿಕೊಳ್ಳಿ, ಆದರೆ ಅಪಘಾತದ ವಹಿಯಲ್ಲಿ ಬರೆಸದೆ ಬಿಡಬೇಡಿ. ಬೆರಳು ಹೋದ ಮೇಲೆ ಆ ಒಂದು ಸಾಲೇ ಸಾಕ್ಷಿ.

'ಉಚಲ' ಎಂಬ ಶಬ್ದವನ್ನು ಕಬ್ಬಿನ ಗ್ಯಾಂಗಿಗೆ ಹೋಗಿ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಡ ಹಣ. ಕಾರಖಾನೆಯಲ್ಲೂ ಮೊದಲ ವಾರದಲ್ಲೇ ಕಂತ್ರಾಟದಾರ ಕೊಡಲು ಮುಂದೆ ಬರುತ್ತಾನೆ. ಖೋಲಿಯ ಬಾಡಿಗೆ, ಡಬ್ಬಿಯ ಊಟ ಎಂದು ನಿಮಗೂ ಬೇಕಾಗಿರುತ್ತದೆ. ಆದರೆ ಸಾಲಗಾರನಾದ ಹೊಸಬ ಪ್ರಶ್ನೆ ಕೇಳುವುದಿಲ್ಲ, ಹೆಚ್ಚಿನ ತಾಸಿನ ಲೆಕ್ಕವನ್ನಂತೂ ಕೇಳುವುದೇ ಇಲ್ಲ. ಹೆಚ್ಚಿನ ವೇಳೆಯ ಕೆಲಸಕ್ಕೆ ದುಪ್ಪಟ್ಟು ದರ ಎಂಬುದು 1948ರ ಕಾರಖಾನೆ ಕಾಯಿದೆಯಲ್ಲೂ ಇತ್ತು, ಈಗಿನ ಸಂಹಿತೆಯಲ್ಲೂ ಇದೆ. ಆದ್ದರಿಂದ ತಂದೆತಾಯಿಗಳಿಗೆ ಒಂದು ವಿನಂತಿ: ಒಂದೂವರೆ ತಿಂಗಳ ಖರ್ಚನ್ನು ಮನೆಯಿಂದಲೇ ಹೊಂದಿಸಿ ಕಳಿಸಿ. ಪಗಾರ ಕೈಗೆ ಬರುವುದು ಮುಂದಿನ ತಿಂಗಳಲ್ಲಿ. ಮತ್ತೆ ಮೊದಲ ಎರಡು ತಿಂಗಳು ಜಾತ್ರೆ, ಮದುವೆ ಎಂದು ಕರೆಯಬೇಡಿ. ಗುಡ್ಡಾಪುರದ ದಾನಮ್ಮ ಮುಂದಿನ ವರ್ಷವೂ ಅಲ್ಲೇ ಇರುತ್ತಾಳೆ.

ಇನ್ನು ಮೊದಲ ಪಗಾರದ ಚೀಟಿ. 13,000 ಎಂದಿದ್ದರು, ಕೈಗೆ 11,142 ಬಂತು, ಮೋಸ ಮಾಡಿದರು ಎಂದು ಕೆಲಸ ಬಿಟ್ಟು ಬರುವವರಿದ್ದಾರೆ. ಚೀಟಿಯಲ್ಲಿ 'ಕಪಾತ' ಎಂಬ ಸಾಲು ನೋಡಿ. ಅದು ಕಡಿತ. ಮೂಲ ಪಗಾರ ಮತ್ತು ತುಟ್ಟಿಭತ್ಯೆ ಸೇರಿ 13,000 ಇದ್ದರೆ ಪಿಎಫ್‌ಗೆ ಶೇಕಡಾ 12ರಂತೆ 1,560 ಹೋಗುತ್ತದೆ. ಅಂದಹಾಗೆ ತುಟ್ಟಿಭತ್ಯೆಗೆ ಅವರು 'ಮಹಾಗಾಈ ಭತ್ತಾ' ಅನ್ನುತ್ತಾರೆ, ಅದರಲ್ಲಿ ಭತ್ತದ ಕಾಳು ಒಂದೂ ಇಲ್ಲ. ಆ 1,560ಕ್ಕೆ ಮಾಲೀಕರೂ ಅಷ್ಟೇ ಸೇರಿಸಬೇಕು. ಅವರ ಪಾಲಿನಲ್ಲಿ ಶೇಕಡಾ 8.33 ಪಿಂಚಣಿಗೆ, ಉಳಿದದ್ದು ನಿಮ್ಮ ನಿಧಿಗೆ. ಇಎಸ್‌ಐಗೆ ನಿಮ್ಮಿಂದ ಶೇಕಡಾ 0.75ರಂತೆ 98 ರೂಪಾಯಿ, ಮಾಲೀಕರಿಂದ ಶೇಕಡಾ 3.25. ಈ ದರ 2019ರ ಜುಲೈಯಿಂದ ಬಂದದ್ದು. ಕೊನೆಗೆ 'ವ್ಯವಸಾಯ ಕರ' 200 ರೂಪಾಯಿ. ನಾನು ವ್ಯವಸಾಯ ಬಿಟ್ಟು ಬಂದವನು, ನನಗೇಕೆ ಹೊಲದ ಕರ ಎಂದು ಜಗಳ ತೆಗೆಯಬೇಡಿ. ಮರಾಠಿಯಲ್ಲಿ ವ್ಯವಸಾಯ ಅಂದರೆ ವೃತ್ತಿ. ಇದು ನಮ್ಮ ಕನ್ನಡದ ವೃತ್ತಿ ತೆರಿಗೆ. ಮಹಾರಾಷ್ಟ್ರದಲ್ಲಿ 10,000 ದಾಟಿದ ಪಗಾರದ ಗಂಡಸರಿಗೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500. ಹೆಂಗಸರಿಗೆ 2023ರ ಏಪ್ರಿಲ್‌ನಿಂದ 25,000ದ ತನಕ ಇಲ್ಲ. ಕರ್ನಾಟಕದಲ್ಲಿ ಗಂಡಸರಿಗೂ 25,000ದ ಒಳಗೆ ಇಲ್ಲ. ಹಾಗಾಗಿ ವಿಜಯಪುರದಲ್ಲಿ ದುಡಿಯುವ ನಿಮ್ಮ ಸೋದರಮಾವನ ಮಗನ ಚೀಟಿಯಲ್ಲಿ ಈ ಸಾಲು ಇರುವುದಿಲ್ಲ, ನಿಮ್ಮದರಲ್ಲಿ ಇರುತ್ತದೆ. ಎರಡೂ ಸರಿ.

ಮೂರೂ ಕೂಡಿಸಿದರೆ 1,858. ಇದಕ್ಕಿಂತ ಹೆಚ್ಚು ಕಡಿದಿದ್ದರೆ ಯಾವುದಕ್ಕೆ ಎಂದು ಕೇಳಿ. ಪಿಎಫ್ ಎಂದು ಕಡಿದ ಹಣ ನಿಜವಾಗಿ ತುಂಬಿದ್ದಾರೆಯೆ ಎಂದು ಯುಎಎನ್ ಹಾಕಿ ಪಾಸಬುಕ್ಕು ನೋಡಿ. ಮೊದಲ ತಿಂಗಳ ಹಣ ಮುಂದಿನ ತಿಂಗಳ ಹದಿನೈದರ ಒಳಗೆ ತುಂಬಬೇಕು. ಪಾಸಬುಕ್ಕಿನಲ್ಲಿ ಕಾಣಿಸಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಎರಡನೆಯ ಪಗಾರದ ಹೊತ್ತಿಗೂ ಕಾಣದಿದ್ದರೆ ಚೀಟಿ ಹಿಡಿದುಕೊಂಡು ಗುಮಾಸ್ತರ ಮುಂದೆ ನಿಲ್ಲಿರಿ. ಅವರು 'ಪರವಾ' ಅಂದರೆ, ತಾರೀಖು ಬರೆಸಿಕೊಂಡು ಬನ್ನಿ.